ಎರಡನೇ ಕಣ್ಣು

ಒಳಗಿನ ಕೋಣೆಯಲ್ಲಿ ಕಮಲಾದೇವಿ ಮೇಡಂ ನಕ್ಕದ್ದು ಕೇಳಿಸಿದಾಗ ರಾಜಶ್ರೀಯ ಬಲಗೈಯಲ್ಲಿ ಹತ್ತಿ ಸುತ್ತಿದ ಕಡ್ಡಿಯಿತ್ತು, ಎಡಗೈಯಲ್ಲಿ ಗಾಜಿನ ತಟ್ಟೆಯ ಮುಚ್ಚಳವಿತ್ತು. ತಟ್ಟೆಯಲ್ಲಿ ಲೋಳೆಯಂತೆ ಹೆಪ್ಪುಗಟ್ಟಿದ ಅಗರ್‌ನ ಮೇಲೆ ಪ್ಲೇಗಿನ ಬ್ಯಾಕ್ಟೀರಿಯಾ ಬೆರೆತ ನೀರನ್ನು ಅವಳು ಅಂಗಳ ಸಾರಿಸುವ ಹಾಗೆ ಹಚ್ಚುತ್ತಿದ್ದಳು. ಉದ್ದಕ್ಕೊಮ್ಮೆ, ತಟ್ಟೆ ತಿರುಗಿಸಿ ಅಡ್ಡಕ್ಕೊಮ್ಮೆ, ಮತ್ತೆ ತಿರುಗಿಸಿ ಓರೆಗೊಮ್ಮೆ. ಎಲ್ಲಿಯೂ ದಪ್ಪಗಾಗಬಾರದು, ಎಲ್ಲಿಯೂ ಬಿಟ್ಟುಹೋಗಬಾರದು. ಮುಚ್ಚಳವನ್ನು ಸಂದಿಯಷ್ಟೇ ಎತ್ತಿ, ಕೆಲಸ ಮುಗಿದ ಕೂಡಲೇ ಮುಚ್ಚಿಬಿಡಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಹಾರಾಡುವ ಬೇರೆ ಯಾವುದೋ ಜೀವ ಬಂದು ಒಳಗೆ ಕೂತುಬಿಡುತ್ತದೆ.

ಮೇಡಂ ಮತ್ತೊಮ್ಮೆ ನಕ್ಕರು. ಈ ಸಲ ಗಟ್ಟಿಯಾಗಿ. ಜೊತೆಗೆ, ನಾಲ್ಕು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಸುನಿತಾಳ ದನಿ, ಏನೋ ಅಣಕಿಸುತ್ತಿರುವ ದನಿ.

ರಾಜಶ್ರೀ ತಲೆ ಎತ್ತಿ ನೋಡಿದಳು. ತಾನು ಕೈ ತೂರಿಸಿ ಕೆಲಸ ಮಾಡುತ್ತಿದ್ದ ಗಾಜಿನ ಗೂಡಿನಾಚೆ, ಅರೆತೆರೆದ ಬಾಗಿಲಿನಾಚೆ, ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಸುನಿತಾ ಕೂತಿದ್ದಳು. ಅದು ತನ್ನ ಸ್ಟೂಲು. ಯಾರೂ ಹಾಗೆಂದು ಬರೆದುಕೊಟ್ಟಿರಲಿಲ್ಲ, ನಿಜ. ಆದರೆ ಎರಡು ವರ್ಷದಿಂದ ಮೇಡಂ ಪಕ್ಕ ಅಲ್ಲಿ ಕೂತವಳು ತಾನೊಬ್ಬಳೇ. ಈ ಎರಡು ವರ್ಷದಲ್ಲಿ ಮೇಡಂ ತನ್ನ ಮಾತಿಗೆ ಮುಗುಳುನಕ್ಕದ್ದುಂಟು, ತಲೆ ಸವರಿದ್ದೂ ಒಮ್ಮೆ ಉಂಟು. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಮಾತ್ರ ಇಲ್ಲ.

ಎಷ್ಟು ಹೊತ್ತು ನೋಡುತ್ತ ಕೂತಳೋ. ಎಚ್ಚರಾದಾಗ ಮುಚ್ಚಳ ಎಡಗೈಯಲ್ಲೇ ಇತ್ತು, ತಟ್ಟೆ ಬಾಯಿ ತೆರೆದುಕೊಂಡೇ ಇತ್ತು. ಸರಕ್ಕನೆ ಮುಚ್ಚಿದಳು. ಒಂಬತ್ತನೇ ತಟ್ಟೆ. ಎಸೆದು ಹೊಸದು ಮಾಡೋಣವೇ ಅನ್ನಿಸಿತು. ಎಸೆದರೆ ಯಾಕೆಂದು ಹೇಳಬೇಕು. ರಾಜಶ್ರೀ ಹಚ್ಚಿದ ತಟ್ಟೆ ಕೆಟ್ಟಿತು ಎಂಬ ಮಾತು ಆ ಲ್ಯಾಬಿನಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಚಿಮುಟದಿಂದ ಒಂದೊಂದಾಗಿ ಇಟ್ಟು, ಪ್ಲೇಗಿನ ಮುಖ್ಯ ಔಷಧಿಯಾದ ಸ್ಟ್ರೆಪ್ಟೊಮೈಸಿನ್ನಿನ ಬಿಲ್ಲೆಯನ್ನು ಮೆಲ್ಲಗೆ ಒತ್ತಿ, ಉಳಿದವುಗಳ ಜೊತೆ ಅದನ್ನೂ ಶಾಖದ ಪೆಟ್ಟಿಗೆಗೆ ಸೇರಿಸಿದಳು.

ಆ ಪೆಟ್ಟಿಗೆಗೆ ಲ್ಯಾಬಿನಲ್ಲಿ ಎಲ್ಲರೂ 'ಅಮ್ಮನ ಬೀರು' ಎನ್ನುತ್ತಿದ್ದರು. ಹೆಸರಿಟ್ಟವಳು ಕಸ ಗುಡಿಸುವ ಈಶ್ವರಮ್ಮ. ಅವಳ ಅಜ್ಜಿಯ ಕಾಲದಲ್ಲಿ ಪ್ಲೇಗಿಗೆ ಹೆದರಿ ಊರಿಗೆ ಊರೇ ತೋಪಿನಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಆಮೇಲೆ ಕಟ್ಟಿದ ಪ್ಲೇಗಮ್ಮನ ಗುಡಿಗೆ ಈಶ್ವರಮ್ಮ ಈಗಲೂ ಮಂಗಳವಾರ ನಿಂಬೆಹಣ್ಣು ಕೊಡುತ್ತಿದ್ದಳು. "ಸುಮ್ನೆ ಮಲಗಿರೋ ತಾಯಿನ ಎಬ್ಬಿಸ್ತೀರಲ್ಲಮ್ಮ ನೀವು," ಎಂದು ಗೊಣಗುತ್ತ ಆಯುಧಪೂಜೆಗೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಮೇಡಂ ಅಳಿಸಲು ಬಿಟ್ಟಿರಲಿಲ್ಲ.

ಹಿಂದಿನ ವರ್ಷ ಸೂರತ್ತಿನಲ್ಲಿ ಪ್ಲೇಗಿನ ಗುಲ್ಲೆದ್ದ ಮೇಲೆ ಬನಶಂಕರಿ ಎರಡನೇ ಹಂತದ ಆ ಹಳೆಯ ಕಲ್ಲುಕಟ್ಟಡಕ್ಕೆ ಜೀವ ಬಂದಿತ್ತು. ಗಡಿಯ ಹಳ್ಳಿಗಳಲ್ಲಿ ಹಿಡಿದ ಇಲಿಗಳಿಂದ ತೆಗೆದ ಬ್ಯಾಕ್ಟೀರಿಯಾಗಳ ಮೇಲೆ ಯಾವ ಔಷಧಿ ಇನ್ನೂ ಕೆಲಸ ಮಾಡುತ್ತದೆ, ಯಾವುದು ಸೋತಿದೆ ಎಂದು ಸರ್ಕಾರಕ್ಕೆ ಗೊತ್ತಾಗಬೇಕಿತ್ತು. ಎರಡು ದಿನದಲ್ಲಿ ತಟ್ಟೆಯ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಔಷಧಿಗೆ ಕಸುವಿದ್ದರೆ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದೆ ದುಂಡಗೆ ಒಂದು ಬಯಲು ಉಳಿಯುತ್ತದೆ. ಬಯಲು ದೊಡ್ಡದಾದಷ್ಟೂ ಔಷಧಿ ಗಟ್ಟಿ. ಆ ಬಯಲಿನೊಳಗೆ ಒಂದೇ ಒಂದು ಚುಕ್ಕೆ ಬೆಳೆದರೂ ಔಷಧಿಗೆ ಬಗ್ಗದ ಜೀವವೊಂದು ಹುಟ್ಟಿತೇನೋ ಎಂಬ ಅನುಮಾನ.

ಬಯಲನ್ನು ಅಳೆಯುವುದಕ್ಕೆ ಅಲ್ಲಿ 'ಓದುವುದು' ಅನ್ನುತ್ತಿದ್ದರು. ಪ್ರತಿ ತಟ್ಟೆಯನ್ನೂ ಇಬ್ಬರು ಓದಬೇಕು, ಬೇರೆ ಬೇರೆಯಾಗಿ. ಓದಿದವರು ಒಳಗೆ ಹೋಗಿ ಮೇಡಂಗೆ ಬಾಯಲ್ಲೇ ಹೇಳಬೇಕು. ಒಬ್ಬರು ಕಂಡದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು. "ಮೊದಲ್ನೇ ಕಣ್ಣು ಮೋಸ ಮಾಡುತ್ತೆ. ಎರಡನೇ ಕಣ್ಣು ಅದಕ್ಕೇ ಇರೋದು," ಎನ್ನುತ್ತಿದ್ದರು ಮೇಡಂ. ಎಷ್ಟೋ ವರ್ಷ ಆ ಎರಡನೇ ಕಣ್ಣು ಅವರದೇ ಆಗಿತ್ತು. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪಾವಳಿ ಕಳೆದ ಮೇಲೆ ಆಪರೇಷನ್, ಆಮೇಲೆ ಒಂದರ ಹಿಂದೆ ಒಂದು ಕಣ್ಣು ಮಾಯಬೇಕು. ಅಷ್ಟು ಕಾಲ ತಮ್ಮ ಜಾಗದಲ್ಲಿ ಕೂತು ಓದುವವಳು ಯಾರೆಂದು ಈ ಸಲದ ತಟ್ಟೆಗಳು ಮುಗಿದ ಮೇಲೆ ಹೇಳುವುದಾಗಿ ಮೇಡಂ ಮಾತು ಕೊಟ್ಟಿದ್ದರು.

ನಾಲ್ಕು ತಿಂಗಳ ಕೆಳಗೆ ಈ ಮಾತು ಬಂದಿದ್ದರೆ ಕೇಳುವುದೇ ಬೇಕಿರಲಿಲ್ಲ. ಮೇಡಂ ಬಿಟ್ಟರೆ ತಟ್ಟೆ ಓದುತ್ತಿದ್ದವಳು ರಾಜಶ್ರೀ ಒಬ್ಬಳೇ. ಗಜೇಂದ್ರಗಡದಿಂದ ಧಾರವಾಡಕ್ಕೆ ಹೋಗಿ ಎಂಎಸ್ಸಿ ಮುಗಿಸಿ, ಬಿಟಿಎಂ ಲೇಔಟಿನಲ್ಲಿ ಒಂಟಿ ಕೋಣೆ ಹಿಡಿದು, ಯಾರ ಜೊತೆಯೂ ಒಂದಕ್ಕೆರಡು ಮಾತಾಡದೆ ಕೆಲಸ ಕಲಿತವಳು. ತನ್ನ ಭಾಷೆಗೆ ನಾಲ್ಕು ಜನ ನಗುತ್ತಾರೆಂದು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ ಅವಳಿಗೆ, "ನಿನ್ ಭಾಷೆ ಚೆನ್ನಾಗಿದೆ ರಾಜಿ, ಬದಲಾಯಿಸ್ಕೋಬೇಡ," ಎಂದವರು ಮೇಡಂ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯುವುದನ್ನು ಕಲಿಸುತ್ತ, ಅವಳ ಮಣಿಕಟ್ಟು ಹಿಡಿದು, "ಅಂಚು ಹುಡುಕ್ಬೇಡ. ಬಯಲು ನೋಡು, ಅಂಚು ತಾನಾಗೇ ಕಾಣುತ್ತೆ," ಎಂದಿದ್ದರು. ಆ ಮಾತನ್ನು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಸುನಿತಾ ಸೇರಿದ ಮೂರನೇ ದಿನ, ಅದೇ ಕಿಟಕಿಯ ಹತ್ತಿರ, ಮೇಡಂ ಅದೇ ದನಿಯಲ್ಲಿ, "ಅಂಚು ಹುಡುಕ್ಬೇಡ ಸುನಿತಾ," ಎಂದದ್ದು ಕಿವಿಗೆ ಬಿದ್ದಾಗ, ತನ್ನ ಟ್ರಂಕನ್ನು ಯಾರೋ ನಡುಬೀದಿಯಲ್ಲಿ ತೆರೆದಿಟ್ಟ ಹಾಗಾಗಿತ್ತು.

ದ್ವೇಷಿಸುವುದಕ್ಕೆ ಸುನಿತಾ ಹೇಳಿ ಮಾಡಿಸಿದ ಹುಡುಗಿಯಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಿರಿನಗರದ ಬಟ್ಟೆ ವ್ಯಾಪಾರಿ ಗುರುಬಸಪ್ಪನವರ ಮಗಳು, ಕೈನೆಟಿಕ್ ಹೋಂಡಾದಲ್ಲಿ ಬರುತ್ತಿದ್ದಳು. ಬಂದವಳೇ, "ಏನ್ರೀ ರಾಜಶ್ರೀಯವರ, ಆರಾಮ ಅದೀರಿಲ್ಲೋ?" ಎಂದು ರಾಗ ಎಳೆಯುತ್ತಿದ್ದಳು. ಅಣಕವಲ್ಲ, ಪ್ರೀತಿ. ಅದು ರಾಜಶ್ರೀಗೂ ಗೊತ್ತು. ಗೊತ್ತಿದ್ದರಿಂದಲೇ ಹೆಚ್ಚು ಉರಿ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಸುನಿತಾ ತಾನೇ ಬಾಯಿಬಿಟ್ಟಳು. "ಮೇಡಂ ಯಾಕ್ ನಕ್ಕಿದ್ ಗೊತ್ತಾ? ಕಣ್ಣಿನ್ ಡಾಕ್ಟ್ರು ಮೊನ್ನೆ ಬೋರ್ಡ್ ತೋರ್ಸಿ ಓದಿ ಅಂದ್ರು. ಮೇಡಂ ಕೇಳಿದ್ರು, ಇದನ್ನ ಇನ್ನೊಬ್ರು ಓದಿದ್ದಾರಾ ಅಂತ. ಡಾಕ್ಟ್ರು ಕಕ್ಕಾಬಿಕ್ಕಿ. ನಾನು ಅವ್ರ ಮುಖ ಮಾಡಿ ತೋರಿಸ್ತಿದ್ದೆ."

"ನೀನೂ ಹೋಗಿದ್ದೇನು?"

"ಹೂಂ, ನಾನೇ ಜಯನಗರಕ್ಕೆ ಗಾಡೀಲಿ ಕರ್ಕೊಂಡ್ ಹೋಗಿದ್ದು. ಪಾಪ, ಆಟೋದವ್ರು ಒಬ್ರೂ ಬರಲ್ಲ ಅಂತಾರೆ." ಡಬ್ಬಿಯ ಮುಚ್ಚಳ ತೆರೆದು ಮುಂದೆ ತಳ್ಳಿದಳು. "ಅಮ್ಮ ನಿಂಗೇ ಅಂತ ಎಣ್ಗಾಯಿ ಕಳ್ಸಿದಾರೆ. ನಿಮ್ ಕಡೆ ಥರ ಬಂದಿದೆಯಾ ನೋಡು."

ಬಂದಿತ್ತು. ತನ್ನ ಅವ್ವ ಮಾಡುವುದಕ್ಕಿಂತ ಒಂದು ಕೈ ಮೇಲೆಯೇ ಬಂದಿತ್ತು. "ಖಾರ ಸ್ವಲ್ಪ ಕಡಿಮಿ ಆಗೇತಿ," ಎಂದಳು ರಾಜಶ್ರೀ.

ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಬದಲಿಸಲು ನಿಂತವಳಿಗೆ ಕಂಡದ್ದೆಲ್ಲ ಕೈನೆಟಿಕ್ ಹೋಂಡಾಗಳೇ. ಮೊದಲಾದರೆ ಮೇಡಂ ಅವರ ಚೀಲ ಹಿಡಿದುಕೊಂಡು ಬನಶಂಕರಿ ಸ್ಟಾಪಿನವರೆಗೆ ನಡೆದು, ಬಸ್ಸು ಹತ್ತಿಸಿ ಬರುತ್ತಿದ್ದವಳು ಅವಳು. ರಸ್ತೆಯ ಕಲ್ಲು, ಗುಂಡಿ ಹೇಳುತ್ತ ನಡೆಯುವ ಆ ದಾರಿಯಲ್ಲಿ ಮೇಡಂ ತಮ್ಮ ತೀರಿಹೋದ ತಂಗಿಯ ಸುದ್ದಿ ಹೇಳಿದ್ದರು. ಸ್ಕೂಟರಿನ ಹಿಂದೆ ಕೂತು ಅದನ್ನೆಲ್ಲ ಹೇಳಲಿಕ್ಕಾಗುತ್ತದೆಯೇ? ಗಾಳಿಗೆ ಅರ್ಧ ಮಾತು ಹಾರಿಯೇ ಹೋಗುತ್ತದೆ. ಹೀಗೆಂದು ಸಮಾಧಾನ ಮಾಡಿಕೊಂಡಳು. ಮರುಕ್ಷಣ, ಹಾರದಂತೆ ಕಿವಿಯ ಹತ್ತಿರ ಬಾಗಿ ಹೇಳಬಹುದಲ್ಲ ಎಂದು ಹೊಳೆದು, ಬಂದ ಬಸ್ಸನ್ನು ಹತ್ತಲು ಮರೆತು ನಿಂತಳು.

ಮನೆಯ ಗೇಟಿನಲ್ಲಿ ಮಾಲೀಕ ಪಿಳ್ಳಣ್ಣ ಕೊತ್ತಂಬರಿ ಸೊಪ್ಪಿನವನ ಜೊತೆ ಚೌಕಾಸಿ ಮಾಡುತ್ತಿದ್ದ. ಅವಳು ಪ್ಲೇಗಿನ ಜೊತೆ ಕೆಲಸ ಮಾಡುತ್ತಾಳೆಂದು ತಿಳಿದರೆ ಆ ರಾತ್ರಿಯೇ ಗಂಟುಮೂಟೆ ಹೊರಗೆ. ಅವನ ಪಾಲಿಗೆ ಅವಳದು ರಕ್ತ ಪರೀಕ್ಷೆಯ ಲ್ಯಾಬು.

"ಏನಮ್ಮ, ನಮ್ ಯಜಮಾನ್ತಿ ಶುಗರ್ ಟೆಸ್ಟ್ ಮಾಡ್ಸ್ಕೊಡ್ತೀನಿ ಅಂತ ಎಷ್ಟ್ ದಿನದಿಂದ ಸತಾಯಿಸ್ತೀಯಾ?"

"ಮಷೀನ್ ಕೆಟ್ಟೈತ್ರೀ."

"ನಿಮ್ ಲ್ಯಾಬ್ನಲ್ಲಿ ಮಷೀನ್ ಯಾವತ್ತಮ್ಮ ಸರಿ ಇರುತ್ತೆ? ಮುಚ್ಚಿ ಇಡ್ಲಿ ಹೋಟ್ಲು ಹಾಕೋಕೆ ಹೇಳು ನಿಮ್ ಡಾಕ್ಟ್ರಮ್ಮಂಗೆ."

ಸುಳ್ಳು ಹೇಳುವುದು ತನಗೆ ಇಷ್ಟು ಸಲೀಸೆಂದು ಆಗೆಲ್ಲ ಅವಳಿಗೆ ಆಶ್ಚರ್ಯವಾಗುತ್ತಿತ್ತು.

ಓದುವ ದಿನ ಬಿಸಿಲು ಚೆನ್ನಾಗಿತ್ತು. ಸುನಿತಾ ಮೊದಲು ಓದಲು ಹೋದಳು. ಹೊರಗಿನ ಕೋಣೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತ ಕೂತ ರಾಜಶ್ರೀಗೆ ಬಾಗಿಲಿನ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಒಂದು ತಟ್ಟೆ ಎತ್ತುತ್ತಾಳೆ, ಕೈವಾರ ಇಡುತ್ತಾಳೆ, ಇಳಿಸುತ್ತಾಳೆ. ಹೀಗೇ ಸಾಗಿ ಒಂದು ತಟ್ಟೆಯ ಹತ್ತಿರ ಬೆನ್ನು ನಿಂತುಬಿಟ್ಟಿತು. ಕಿಟಕಿಯ ಕಡೆ ತಿರುಗಿಸಿದಳು, ಓರೆ ಮಾಡಿದಳು, ತಲೆಯ ಮೇಲೆ ಎತ್ತಿ ಕೆಳಗಿನಿಂದ ನೋಡಿದಳು. ಭೂತಗನ್ನಡಿ ತೆಗೆದುಕೊಂಡಳು. ರಾಜಶ್ರೀಯ ಬೆರಳಿನ ಚೀಟಿ ಬೆರಳಿಗೇ ಅಂಟಿತು.

ಮೇಡಂ ಕೋಣೆಗೆ ಹೋಗಿ ಹೇಳಿ ಹೊರಬಂದಾಗ ಸುನಿತಾಳ ಮುಖ ಹಬ್ಬದ ಮನೆಯಾಗಿತ್ತು. "ರಾಜೀ, ಒಂಬ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಹೇಳ್ಬಾರ್ದಲ್ವಾ. ಹೋಗು, ಹೋಗ್ ನೋಡು ನೀನೇ."

ರಾಜಶ್ರೀ ಕೈಗವಸು ಹಾಕಿಕೊಂಡು, ಮುಖವಸ್ತ್ರ ಬಿಗಿದುಕೊಂಡು ಸ್ಟೂಲು ಹತ್ತಿದಳು. ಎಂಟು ತಟ್ಟೆಗಳನ್ನು ಯಾವ ಅವಸರವೂ ಇಲ್ಲದೆ ಓದಿದಳು. ಒಂಬತ್ತನೆಯದನ್ನು ಎತ್ತಿದಳು. ಟೆಟ್ರಾಸೈಕ್ಲಿನ್ನಿನ ಬಯಲು ಸರಿಯಿತ್ತು. ಕ್ಲೋರಾಂಫೆನಿಕಾಲ್ ಸರಿಯಿತ್ತು. ಸ್ಟ್ರೆಪ್ಟೊಮೈಸಿನ್ನಿನ ಬಯಲು ದೊಡ್ಡದಾಗಿ, ತಿಳಿಯಾಗಿ, ಸಾರಿಸಿದ ಅಂಗಳದ ಹಾಗೆ ಹರಡಿತ್ತು. ಅದರೊಳಗೆ, ಬಿಲ್ಲೆಗೂ ಅಂಚಿಗೂ ನಡುವೆ, ಸೂಜಿಮೊನೆ ತಾಗಿಸಿದಷ್ಟು ಸಣ್ಣಗೆ ಎರಡು ಚುಕ್ಕೆಗಳು ಮಿನುಗಿದವು.

ಅವಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ತೆರೆದೇ ಉಳಿದ ಮುಚ್ಚಳ, ಒಳಗಿನ ನಗು. ಗಾಳಿಯಿಂದ ಬಿದ್ದದ್ದು ಇದು, ಬಹುಮಟ್ಟಿಗೆ. ಆದರೆ ಹಾಗೆ ಹೇಳಬೇಕಾದರೆ, ನಾನು ಹಚ್ಚಿದ ತಟ್ಟೆ ಕೆಟ್ಟಿದೆ ಎನ್ನಬೇಕು. ಯಾಕೆ ಕೆಟ್ಟಿತು ಎಂದರೆ, ನೀವು ಅವಳ ಜೊತೆ ನಗುತ್ತಿದ್ದಿರಿ ಎನ್ನಬೇಕು. ಬರೀ ಚುಕ್ಕೆ ಇದೆ ಎಂದರೂ ಸಾಕು. ಮೊದಲು ಕಂಡವಳು ಸುನಿತಾ. ಸೇರಿ ನಾಲ್ಕು ತಿಂಗಳಾದ ಹುಡುಗಿಗೆ ಸೂಜಿಮೊನೆಯಷ್ಟರದು ಕಂಡಿತು ಎಂದು ಮೇಡಂ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ.

ತಟ್ಟೆ ಇಳಿಸಿದಳು. ಉಳಿದವನ್ನು ಓದಿ ಮುಗಿಸಿ ಮೇಡಂ ಕೋಣೆಗೆ ಹೋದಳು. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೊಂದು ತಟ್ಟೆಯ ಅಳತೆ ಹೇಳುತ್ತ ಬಂದಳು. ಒಂಬತ್ತಕ್ಕೆ ಬಂದಾಗ ಮೇಡಂ ಕಣ್ಣು ತೆರೆದರು.

"ಬಯಲಲ್ಲಿ ಏನಾದ್ರೂ ಇದೆಯಾ?"

"ಏನಿಲ್ರೀ ಮೇಡಂ. ಸ್ವಚ್ಛ ಐತ್ರೀ."

ಮೇಡಂ ಸುನಿತಾಳನ್ನು ಕರೆದರು. ಮೂವರೂ ಕಿಟಕಿಯ ಹತ್ತಿರ ನಿಂತರು. ಬೇರೆ ಯಾರನ್ನಾದರೂ ಕರೆಯೋಣವೆಂದರೆ ಉಳಿದವರೆಲ್ಲ ಇಲಿಬೋನು ತೆಗೆದುಕೊಂಡು ಹಳ್ಳಿಗಳಿಗೆ ಹೋಗಿದ್ದರು. ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿ ಇಟ್ಟು ನೋಡಿದರು, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಅವರ ಕಣ್ಣಾಲಿಯ ಮೇಲಿನ ಬೂದು ಬಣ್ಣ ರಾಜಶ್ರೀಗೆ ಹತ್ತಿರದಿಂದ ಕಂಡಿತು. "ನನಗೆ ಎಲ್ಲಾ ತಟ್ಟೇಲೂ ಮಂಜೇ," ಎಂದು ಕೆಳಗಿಟ್ಟರು.

"ಇಲ್ಲಿದೆ ಮೇಡಂ," ಸುನಿತಾ ತಟ್ಟೆ ಎತ್ತಿ, ಪೆನ್ನಿನ ತುದಿಯನ್ನು ಗಾಜಿನ ಕೆಳಗಿನಿಂದ ತಾಗಿಸಿದಳು. "ಇಲ್ಲೊಂದು, ಇದರ ಪಕ್ಕ ಇನ್ನೊಂದು. ರಾಜಿ, ನೋಡೇ, ಇಲ್ಲಿ. ನನ್ ಪೆನ್ ಹತ್ರ."

ಪೆನ್ನಿನ ತುದಿಯ ಮೇಲೆಯೇ ಎರಡೂ ಮಿನುಗುತ್ತಿದ್ದವು. ರಾಜಶ್ರೀ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನನಗೇನ್ ಕಾಣವಲ್ದು," ಎಂದಳು. ಆಮೇಲೆ ಮೆಲ್ಲಗೆ, "ಆವಿ ಹನಿ ಇರಬೇಕು. ಪೆಟ್ಟಿಗಿಯಿಂದ ತೆಗದ ಕೂಡ್ಲೆ ಹಂಗ ಮಿಂಚ್ತಾವ ಒಮ್ಮೊಮ್ಮೆ."

ಸುನಿತಾ ತಟ್ಟೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ರಾಜಶ್ರೀ ಕಾದಳು, ಅವಳು ವಾದಕ್ಕೆ ನಿಲ್ಲಲಿ ಎಂದೇ ಕಾದಳು. ನಿಂತಿದ್ದರೆ ತಾನು ಸೋಲಬಹುದಿತ್ತು, ಇಲ್ಲವೇ ಜಗಳವಾಡಬಹುದಿತ್ತು. ಸುನಿತಾಳ ಹುಬ್ಬು ಗಂಟಿಕ್ಕಿತು, ಸಡಿಲಾಯಿತು. ತುಟಿಯ ಮೇಲೆ ಒಂದು ಪೆಚ್ಚು ನಗು ಬಂತು.

"ಹೌದೇನೋ. ಆವಿನೇ ಇರ್ಬಹುದು ಮೇಡಂ. ರಾಜಿಗೇ ಕಾಣ್ತಿಲ್ಲ ಅಂದ್ಮೇಲೆ..."

ಅವಳು ತನ್ನ ಕಣ್ಣನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುತ್ತಾಳೆಂದು ರಾಜಶ್ರೀ ಎಣಿಸಿರಲಿಲ್ಲ.

"ಅನುಮಾನ ಅನುಮಾನವೇ," ಎಂದರು ಮೇಡಂ. "ಅದೇ ಬ್ಯಾಕ್ಟೀರಿಯಾ ಮತ್ತೆ ಹಾಕಿ. ಈ ಸಲ ಸುನಿತಾ ಹಚ್ಚಲಿ. ಸ್ಟ್ರೆಪ್ಟೊಮೈಸಿನ್ ಕೈಕೊಡ್ತಿದೆ ಅಂದ್ರೆ ಅದು ನಮ್ಮ ಮೂವರ ಮನೆ ವಿಷ್ಯ ಅಲ್ಲ."

ಹಳೆಯ ತಟ್ಟೆಗಳು ಕಸದ ಡಬ್ಬಿಗೆ ಹೋದವು. ಮರುದಿನ ಬೆಳಗ್ಗೆ ಅವನ್ನು ದೊಡ್ಡ ಕುಕ್ಕರಿನಂಥ ಹಂಡೆಯಲ್ಲಿ ಬೇಯಿಸಿ ಕೊಲ್ಲುವುದು ವಾಡಿಕೆ. ರಾಜಶ್ರೀ ಈಶ್ವರಮ್ಮನಿಗಿಂತ ಮೊದಲೇ ಬಂದಳು. ಡಬ್ಬಿಯಿಂದ ಒಂಬತ್ತನೇ ತಟ್ಟೆ ತೆಗೆದು ಕಿಟಕಿಗೆ ಹಿಡಿದಳು. ಚುಕ್ಕೆಗಳು ಸಾಸಿವೆಯಷ್ಟು ಉಬ್ಬಿದ್ದವು, ಬೆಣ್ಣೆಯ ಹಳದಿ ಬಣ್ಣಕ್ಕೆ ತಿರುಗಿದ್ದವು. ಪ್ಲೇಗ್ ಹಾಗೆ ಬೆಳೆಯುವುದಿಲ್ಲ. ಮನುಷ್ಯರ ಚರ್ಮದ ಮೇಲೆ, ಮನೆಯ ಧೂಳಿನಲ್ಲಿ ಇರುವ, ಈ ಔಷಧಿಗೆ ಜಗ್ಗದ ಸಾಧಾರಣ ಜೀವ. ಈಗ ಯಾರಿಗೂ ಭೂತಗನ್ನಡಿ ಬೇಕಿರಲಿಲ್ಲ. ಮೇಡಂಗೂ ಕಾಣುತ್ತಿತ್ತು.

ಔಷಧಿ ಸೋತಿಲ್ಲ. ಊರಿಗೆ ಕೇಡಿಲ್ಲ. ಆ ನಿರಾಳದ ಹಿಂದೆಯೇ ಇನ್ನೊಂದು ಯೋಚನೆ ಬಂತು. ಸುನಿತಾ ಕಂಡದ್ದು ನಿಜ. ತಟ್ಟೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದರೆ ಮೇಡಂ ಮೇಜು. ಚುಕ್ಕೆ ಇತ್ತು, ಆದರೆ ಪ್ಲೇಗ್ ಅಲ್ಲ ಎಂದರೆ ಮುಗಿಯಿತು.

"ಏನಮ್ಮ, ಇಷ್ಟ್ ಬೇಗ?" ಈಶ್ವರಮ್ಮ ಹಂಡೆಯ ಮುಚ್ಚಳ ಉರುಳಿಸುತ್ತ ಬಂದಳು. "ಕೊಡಿ ಇತ್ತ. ಅಮ್ಮಂಗೆ ಸ್ನಾನ ಮಾಡಿಸ್ಬೇಕು."

ರಾಜಶ್ರೀ ಕೊಟ್ಟಳು. ಹಂಡೆ ಕುದಿಯತೊಡಗಿ ಉಗಿ ಸುಯ್ಯೆಂದು ಕೂಗುವವರೆಗೆ ಅಲ್ಲೇ ನಿಂತಿದ್ದಳು.

ಆಮೇಲೆ ಎರಡು ದಿನ ಕಾಯಬೇಕಿತ್ತು. ಹೊಸ ತಟ್ಟೆಯಲ್ಲಿ ಏನೂ ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಅಮ್ಮನ ಬೀರುವಿನ ಮುಂದೆ ಹಾಯುವಾಗೆಲ್ಲ ಒಳಗೊಳಗೇ ಬೇಡಿಕೊಂಡಳು. ಸಾಯಲಿ, ಒಂದೂ ಉಳಿಯದ ಹಾಗೆ ಸಾಯಲಿ. ಊರವರೆಲ್ಲ ಬೇಡಿಕೊಳ್ಳುವುದು ಅದನ್ನೇ. ಅವರು ತಮ್ಮ ಮಕ್ಕಳಿಗಾಗಿ ಬೇಡುತ್ತಾರೆ. ತಾನು ಒಂದು ಸ್ಟೂಲಿಗಾಗಿ.

ಸುನಿತಾ ಹಚ್ಚಿದ ತಟ್ಟೆಗಳಲ್ಲಿ ತಪ್ಪು ಹುಡುಕಲು ಎಷ್ಟು ತಿರುಗಿಸಿದರೂ ಸಿಗಲಿಲ್ಲ. ಮಂಜು ಒಂದೇ ಸಮ ಕವಿದಿತ್ತು. ಬಯಲುಗಳು ದುಂಡಗೆ, ತಿಳಿಯಾಗಿ, ಒಂದೂ ಚುಕ್ಕೆಯಿಲ್ಲದೆ ಇದ್ದವು. ಇಬ್ಬರ ಅಳತೆಯೂ ತಾಳೆಯಾಯಿತು.

ಮೇಡಂ ಇಬ್ಬರನ್ನೂ ಕೂರಿಸಿಕೊಂಡರು. "ಕೈ ಸುನಿತಂದು, ಕಣ್ಣು ರಾಜೀದು. ನಾನು ಬರೋವರೆಗೂ ಸುನಿತಾ ತಟ್ಟೆ ಹಚ್ತಾಳೆ, ರಾಜಿ ನನ್ ಜಾಗದಲ್ಲಿ ಕೂತು ಓದ್ತಾಳೆ. ಎರಡನೇ ಓದಿಗೆ..."

"ನನ್ನ ಬಿಟ್ಬಿಡಿ ಮೇಡಂ," ಎಂದಳು ಸುನಿತಾ. ನಗುತ್ತಲೇ ಹೇಳಿದಳು, ಆದರೆ ಕಣ್ಣು ಮೇಜಿನ ಮೇಲಿತ್ತು. "ಇಲ್ದಿದ್ದೆಲ್ಲ ಕಾಣ್ಸುತ್ತೆ ನಂಗೆ. ಸುಮ್ನೆ ಎಲ್ರಿಗೂ ಎರಡೆರಡ್ ದಿನ ದಂಡ. ರಾಜಿ ಹೇಳಿದ್ದನ್ನ ಬರ್ಕೋತೀನಿ, ಅಷ್ಟೇ."

"ಒಂದ್ಸಲ ತಪ್ಪಿದ್ರೆ ಏನಾಯ್ತು ಹುಡುಗಿ?"

"ಒಂದ್ಸಲ ಅಲ್ಲ ಮೇಡಂ. ಅವತ್ತಿಂದ ನಂಗೆ ಪ್ರತಿ ತಟ್ಟೇಲೂ ಅನುಮಾನ. ಇದ್ಯಾ ಇಲ್ವಾ, ಇದ್ಯಾ ಇಲ್ವಾ. ಬೇಡ."

ಮೇಡಂ ಮತ್ತೆ ಒತ್ತಾಯಿಸಲಿಲ್ಲ. ಯೋಚಿಸಿ, "ಆಗ್ಲಿ, ರಾಜೀದೊಂದೇ ಸಾಕು," ಎಂದರು. ಎರಡನೇ ಕಣ್ಣಿಲ್ಲದೆ ಒಂದು ಅಂಕಿಯನ್ನೂ ಒಪ್ಪದಿದ್ದ ಹೆಂಗಸು. ಏಳುವಾಗ ರಾಜಶ್ರೀಯ ಭುಜ ಹಿಡಿದುಕೊಂಡರು. ಈ ನಾಲ್ಕು ತಿಂಗಳು ಅವಳು ಹಂಬಲಿಸಿದ್ದ ಹಿಡಿತ ಅದು. ತುಂಬ ಭಾರವೆನ್ನಿಸಿತು. ಹೊರಗೆ ಬಂದ ಮೇಲೆ ಸುನಿತಾ ಅವಳ ಬೆನ್ನಿಗೊಂದು ಗುದ್ದಿ, "ಎಣ್ಗಾಯಿ ಪಾರ್ಟಿ ಕೊಡ್ಬೇಕಮ್ಮ ನೀನು, ಖಾರ ಜಾಸ್ತಿ ಹಾಕಿ," ಎಂದಳು.

ಮೇಡಂ ಆಪರೇಷನ್ನಿಗೆ ಹೋದ ವಾರದಲ್ಲೇ ಹಳ್ಳಿಗಳಿಂದ ಬಂದ ಹೊಸ ಬ್ಯಾಕ್ಟೀರಿಯಾದ ತಟ್ಟೆಗಳು ಓದಿಗೆ ಸಿದ್ಧವಾದವು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ರಾಜಶ್ರೀ ಸ್ಟೂಲಿನ ಮೇಲೆ, ಪಕ್ಕದ ಮೇಜಿಗೆ ಬಗ್ಗಿ ಪೆನ್ನು ಹಿಡಿದ ಸುನಿತಾ. ಒಂದು ತಟ್ಟೆ, ಎರಡು ತಟ್ಟೆ, ಮೂರು. ರಾಜಶ್ರೀ ಹೇಳಿದಳು, ಪೆನ್ನು ಸರಸರ ಓಡಿತು.

ಮುಂದಿನದರಲ್ಲಿ ಅವಳು ನಿಂತಳು. ಸ್ಟ್ರೆಪ್ಟೊಮೈಸಿನ್ನಿನ ಬಯಲಿನ ಒಳಗೆ, ಅಂಚಿಗೆ ತೀರ ಹತ್ತಿರದಲ್ಲಿ ಏನೋ ಇದ್ದ ಹಾಗಿತ್ತು. ತಿರುಗಿಸಿದರೆ ಇರಲಿಲ್ಲ. ಮತ್ತೆ ತಿರುಗಿಸಿದರೆ ಇತ್ತು. ಆವಿಯೋ, ಗಾಜಿನ ಗೀರೋ, ನಿಜವಾಗಿಯೂ ಬೆಳೆದದ್ದೋ. ಭೂತಗನ್ನಡಿಯಲ್ಲಿ ಇನ್ನಷ್ಟು ಕಲಸಿಹೋಯಿತು. ಇದೆಯೆನ್ನಲು ನಾಲಿಗೆ ಏಳಲಿಲ್ಲ, ಇಲ್ಲವೆನ್ನಲೂ ಏಳಲಿಲ್ಲ.

"ಹೂಂ, ಹೇಳು," ಎಂದಳು ಸುನಿತಾ.

"ಸುನಿತಾ, ಇದೊಂದು ನೀನೂ ನೋಡು."

"ಅಯ್ಯೋ, ನಾನ್ಯಾಕೆ?"

"ಸುಮ್ನ ಒಮ್ಮೆ ನೋಡಽ. ನಿನಗೇನ್ ಕಾಣ್ತೈತಿ ಅಷ್ಟ ಹೇಳು."

"ನಂಗ್ ಕಾಣ್ಸೋದ್ರ ಮೇಲೆ ನಂಗೇ ನಂಬಿಕೆ ಇಲ್ಲ ಕಣೇ." ಸುನಿತಾ ತಲೆ ಎತ್ತಲಿಲ್ಲ. ಗೆರೆಯ ಮೇಲೆ ಪೆನ್ನಿನ ಮೊನೆಯಿಟ್ಟು ಕಾಯುತ್ತಿದ್ದಳು. "ನೀನ್ ಹೇಳು, ನಾನ್ ಬರೀತೀನಿ."

ರಾಜಶ್ರೀ ತಟ್ಟೆಯನ್ನು ಅವಳ ಕಡೆ ಚಾಚಿಕೊಂಡೇ ಇದ್ದಳು. ಬಿಸಿಲು ಮಂಜಿನ ಭಾಗದಲ್ಲಿ ಮಸುಕಾಗಿ, ಬಯಲಿನ ಭಾಗದಲ್ಲಿ ಮಾತ್ರ ಸೋಸಿ ಇಳಿದು, ಬರೆಯುವ ಆ ಕೈಯ ಮೇಲೆ ಬೆಳಕಿನ ಒಂದು ದುಂಡು ಬಿಲ್ಲೆಯಾಗಿ ಬಿದ್ದಿತ್ತು. ಅವಳು ತಟ್ಟೆಯನ್ನು ತುಸು ಓರೆ ಮಾಡಿದಾಗೆಲ್ಲ ಅದು ಮಣಿಕಟ್ಟಿನಿಂದ ಬೆರಳಿಗೆ, ಬೆರಳಿನಿಂದ ಹಾಳೆಗೆ ಜಾರಿ, ಮತ್ತೆ ಮಣಿಕಟ್ಟಿಗೆ ಬಂದು ನಿಲ್ಲುತ್ತಿತ್ತು. ಸುನಿತಾ ಅದನ್ನು ನೋಡಲಿಲ್ಲ.